ನಮ್ಮ ಜಿಲ್ಲೆ ಎಂಎಲ್ಎಗಳು ಕೊಟ್ಟ ಭರವಸೆಗಳ ಲೆಕ್ಕ ಇಡೋದು ಹೆಂಗೆ?

ಜಗಳೂರು_ಹುಡುಗ:
ಎಲ್ರಿಗೂ ನಮಸ್ಕಾರ. ನಾವೊಂದ್ ನಾಲ್ಕೈದು ಜನ ಫ್ರೆಂಡ್ಸ್ ಸೇರ್ಕೊಂಡು, 2023ರ ಎಲೆಕ್ಷನ್ನಲ್ಲಿ ದಾವಣಗೆರೆ ಜಿಲ್ಲೆ ಕ್ಯಾಂಡಿಡೇಟ್‌ಗಳು ಗೆದ್ರೆ ಏನೇನ್ ಮಾಡ್ತೀವಿ ಅಂದಿದ್ರು ಅನ್ನೋದ್ನೆಲ್ಲಾ ಒಂದ್ ಎಕ್ಸೆಲ್ ಶೀಟಿಗೆ ಹಾಕ್ತಿದೀವಿ. ಪ್ರಣಾಳಿಕೆ, ಕರಪತ್ರ, ವಾಟ್ಸಾಪ್‌ನಲ್ಲಿ ಓಡಾಡಿದ ಭಾಷಣದ ವಿಡಿಯೋ ಎಲ್ಲಾ ಸಿಕ್ಕಿದಾವೆ. "ಆಗಿದೆ", "ಆಗಿಲ್ಲ" ಅಂತ ಎರಡೇ ಕಾಲಂ ಇಟ್ಟಿದ್ವಿ, ಗೃಹಜ್ಯೋತಿ ಹತ್ರ ಬರೋಷ್ಟೊತ್ತಿಗೆ ಜಗಳ. ಒಬ್ಬ ಅಂತಾನೆ ಬಿಲ್ ಜೀರೋ ಬರ್ತೈತಲ್ಲಪ್ಪ, ಆಗಿದೆ ಅಂತ ಹಾಕು. ಇನ್ನೊಬ್ಬ ಅಂತಾನೆ ಸ್ಟೇಜ್ ಮೇಲೆ 200 ಯೂನಿಟ್ ಫ್ರೀ ಅಂದಿದ್ರು, ನಮ್ಮನೆಗೆ ಎಲ್ಲಿ ಬಂತು 200. ಇನ್ನು ಭದ್ರಾ ಮೇಲ್ದಂಡೆ ಯೋಜನೆ ಯಾರ್ ಹೆಸರಿಗೆ ಬರೀಬೇಕು? ಅದನ್ನ ಹೇಳಿ ಎಂಎಲ್ಎನೂ ಓಟ್ ಕೇಳಿದಾರೆ, ಎಂಪಿನೂ ಕೇಳಿದಾರೆ, ನಮ್ ತಾಲ್ಲೂಕಿನ ಹೊಲಕ್ಕಂತೂ ನೀರು ಕಂಡಿಲ್ಲ. ಈ ತರದ್ದು ಯಾರಾದ್ರೂ ಮಾಡಿದೀರಾ?

ದುರ್ಗದ_ಬತೇರಿ:
ಒಳ್ಳೆ ಕೆಲ್ಸ ಗುರು, ಆದ್ರೆ ಎರಡು ಕಾಲಂನಲ್ಲಿ ಇದು ಮುಗಿಯಲ್ಲ. ಗೃಹಜ್ಯೋತಿನೇ ತಗೋ. ಚುನಾವಣೆಗೆ ಮುಂಚೆ ಕೇಳಿಸಿದ್ದು "200 ಯೂನಿಟ್ ಉಚಿತ" ಅಷ್ಟೇ. ಆಮೇಲೆ ಜೂನ್‌ನಲ್ಲಿ ಆದೇಶ ಬಂದಾಗ 2022-23ರಲ್ಲಿ ನೀವು ಸುಟ್ಟ ಕರೆಂಟಿನ ತಿಂಗಳ ಸರಾಸರಿ, ಅದರ ಮೇಲೆ ಶೇ. 10, ಅಷ್ಟು ಮಾತ್ರ ಫ್ರೀ ಅಂತಾಯ್ತು. ಅಂದ್ರೆ ಸರಾಸರಿ 60 ಯೂನಿಟ್ ಇದ್ದ ಮನೆಗೆ 66 ಫ್ರೀ, 80 ಸುಟ್ರೆ 14ಕ್ಕೆ ದುಡ್ಡು ಕಟ್ಬೇಕು, 200 ದಾಟಿದ್ರೆ ಪೂರ್ತಿ ಬಿಲ್. ನಿನ್ ಫ್ರೆಂಡ್ಸ್ ಇಬ್ರೂ ಹೇಳ್ತಿರೋದು ನಿಜಾನೇ. ಅದಕ್ಕೆ ಮೊದಲ್ನೇ ಕಾಲಂನಲ್ಲಿ ಅವ್ರು ಆಡಿದ ಮಾತು ಇದ್ದಂಗೇ ಬರಿ, ತಾರೀಖು ಸಮೇತ. ಎರಡನೇದ್ರಲ್ಲಿ ಆದೇಶದಲ್ಲಿ ಏನೈತೆ ಅಂತ ಬರಿ. ಮಾರ್ಕ್ಸ್ ಆಮೇಲೆ ಹಾಕು.

ತಾರೀಖು ಬಿಡ್ಬೇಡ ಮತ್ತೆ. ಅನ್ನಭಾಗ್ಯದಲ್ಲಿ 10 ಕೆಜಿ ಅಕ್ಕಿ ಅಂದ್ರು, ಕೇಂದ್ರದವ್ರು ಅಕ್ಕಿ ಮಾರಲ್ಲ ಅಂದ್ಮೇಲೆ 2023ರ ಜುಲೈಯಿಂದ 5 ಕೆಜಿ ಬದ್ಲು ತಲೆಗೆ 170 ರೂಪಾಯಿ ಅಕೌಂಟಿಗೆ ಹಾಕಿದ್ರು, 2025ರ ಫೆಬ್ರವರಿಯಿಂದ ದುಡ್ಡಿನ ಬದ್ಲು ಅಕ್ಕಿನೇ ಕೊಡ್ತೀವಿ ಅಂದ್ರು. 2024ರಲ್ಲಿ ಕೇಳಿದ್ರೆ "ಭಾಗಶಃ", ಒಂದ್ ವರ್ಷ ಬಿಟ್ಟು ಕೇಳಿದ್ರೆ ಬೇರೆ ಉತ್ತರ. ಅಮೆರಿಕದಲ್ಲಿ ಪಾಲಿಟಿಫ್ಯಾಕ್ಟ್ ಅನ್ನೋ ಫ್ಯಾಕ್ಟ್‌ಚೆಕ್ ವೆಬ್‌ಸೈಟಿನೋರು ಒಬಾಮಾ ಕೊಟ್ಟ 500ಕ್ಕೂ ಹೆಚ್ಚು ಭರವಸೆನ ಹಿಂಗೇ ಒಂದೊಂದಾಗಿ ಹಿಡ್ಕೊಂಡು ಕೂತಿದ್ರು, ಅವ್ರಲ್ಲೂ ಉಳಿಸ್ಕೊಂಡ್ರು, ಮುರಿದ್ರು ಅಂತ ಎರಡೇ ಅಲ್ಲ, ರಾಜಿ ಆಯ್ತು, ನಿಂತೋಯ್ತು, ನಡೀತಾ ಇದೆ ಅಂತೆಲ್ಲಾ ಬೇರೆ ಬೇರೆ ಇತ್ತು.

ಪಿಜೆ_ಬಡಾವಣೆ:
ಕಾಗದ ಎಲ್ಲಿ ಸಿಗುತ್ತೆ ಅನ್ನೋದು ನಾನು ಹೇಳ್ತೀನಿ. ಬಜೆಟ್ ಭಾಷಣದಲ್ಲಿ ಪ್ರತಿ ಘೋಷಣೆಗೂ ಒಂದು ಕಂಡಿಕೆ ಸಂಖ್ಯೆ, ಅಂದ್ರೆ ಪ್ಯಾರಾ ನಂಬರ್ ಇರುತ್ತೆ. ಆಮೇಲೆ ಇಲಾಖೆಯೋರು ಆದೇಶ ಹೊರಡಿಸುವಾಗ "ಆಯವ್ಯಯ ಭಾಷಣದ ಕಂಡಿಕೆ ಇಷ್ಟರಲ್ಲಿ ಘೋಷಿಸಿರುವಂತೆ" ಅಂತ ಪ್ರಸ್ತಾವನೆಯಲ್ಲೇ ಬರ್ದಿರ್ತಾರೆ. ಆ ನಂಬರ್ ಹಿಡ್ಕೊಂಡ್ರೆ ಆಡಳಿತಾತ್ಮಕ ಅನುಮೋದನೆ ಆಯ್ತಾ, ಟೆಂಡರ್ ಆಯ್ತಾ, ದುಡ್ಡು ಬಿಡುಗಡೆ ಆಯ್ತಾ ಅಂತ ಒಂದೊಂದೇ ನೋಡ್ಬಹುದು. ಗುದ್ದಲಿಪೂಜೆ ಫೋಟೋ ನೋಡಿ ಮಾತ್ರ "ಆಗಿದೆ" ಅಂತ ಹಾಕ್ಬೇಡಿ ಪ್ಲೀಸ್, ಟೆಂಡರ್ರೇ ಆಗದೆ ಪೂಜೆ ಮುಗಿಸ್ಕೊಂಡ್ ಹೋಗಿರೋದು ನಮ್ಮೂರಲ್ಲೇನು ಕಮ್ಮಿ ಇಲ್ಲ.

ವಿಧಾನಸಭೆ ವೆಬ್‌ಸೈಟಲ್ಲಿ ಚುಕ್ಕೆ ಗುರುತಿಲ್ಲದ ಪ್ರಶ್ನೆಗಳ (ಎಂಎಲ್ಎಗಳು ಕೇಳಿ, ಮಂತ್ರಿಗಳು ಬರವಣಿಗೆಯಲ್ಲಿ ಉತ್ತರ ಕೊಡೋ ಪ್ರಶ್ನೆಗಳು) ಉತ್ತರ ಇರ್ತಾವೆ, ತಾಲ್ಲೂಕುವಾರು ಪಟ್ಟಿನೇ ಕೊಟ್ಟಿರ್ತಾರೆ, ಬಂಗಾರ ಅದು. ತಲೆನೋವು ಏನಪ್ಪಾ ಅಂದ್ರೆ ಎಷ್ಟೋ ಪಿಡಿಎಫ್ ನುಡಿ ಫಾಂಟಲ್ಲೋ ಇಲ್ಲ ಸ್ಕ್ಯಾನ್ ಮಾಡಿದ್ದೋ ಆಗಿರ್ತಾವೆ, ಹುಡುಕಿದ್ರೆ ಊರ ಹೆಸ್ರು ಸಿಗಲ್ಲ, ಕಾಪಿ ಮಾಡಿದ್ರೆ ಏನೇನೋ ಅಕ್ಷರ ಬರುತ್ತೆ, ಕೂತು ಓದ್ಲೇಬೇಕು.

ಅದ್ರಲ್ಲೂ ಸಿಗದಿದ್ರೆ ಆರ್‌ಟಿಐ, 10 ರೂಪಾಯಿ, 30 ದಿನ. ನಮ್ಮ ರಾಜ್ಯದಲ್ಲಿ ಒಂದ್ ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಅನ್ನೋ ರೂಲ್ಸ್ ಇದೆ, ಹಾಗಾಗಿ "ಯಾಕೆ ಮಾಡಿಲ್ಲ" ಅಂತ ಕೇಳ್ಕೊಂಡ್ ಕೂರ್ಬೇಡಿ, ಆದೇಶದ ಪ್ರತಿ ಕೇಳಿ, ಬಿಡುಗಡೆ ಆದ ಮೊತ್ತ ಕೇಳಿ.

ಸುಮ್ನೆ_ಕೂತ್ಕೊ:
ಇಷ್ಟೆಲ್ಲಾ ಮಾಡಿ ಏನ್ ಕಿತ್ತು ಗುಡ್ಡೆ ಹಾಕ್ತೀರಾ? ಪ್ರಣಾಳಿಕೆಗೆ ಕಾನೂನಿನ ಬಲ ಇಲ್ಲ. ಸುಪ್ರೀಂ ಕೋರ್ಟೇ 2013ರಲ್ಲಿ ಪ್ರಣಾಳಿಕೆಯಲ್ಲಿ ಭರವಸೆ ಕೊಡೋದು ಭ್ರಷ್ಟ ಆಚರಣೆ ಅಲ್ಲ ಅಂತ ಹೇಳಿದೆ. ಶೀಟ್ ಹಾಕಿದ ಮಾರನೇ ದಿನ ನಿಮ್ಮನ್ನ ಒಂದ್ ಪಾರ್ಟಿಯೋರು ಅಂತಾರೆ, ಅದ್ರ ಮಾರನೇ ದಿನ ಇನ್ನೊಂದ್ ಪಾರ್ಟಿ.

ದುರ್ಗದ_ಬತೇರಿ:
@ಸುಮ್ನೆ_ಕೂತ್ಕೊ ಕೋರ್ಟಿಗೆ ಹೋಗಕ್ಕೆ ಯಾರ್ ಹೇಳಿದ್ರು, ಮುಂದಿನ ಸಲ ಓಟ್ ಕೇಳಕ್ ಬಂದಾಗ ಕೈಯಲ್ಲಿ ಕಾಗದ ಇರ್ಲಿ ಅಂತ ಅಷ್ಟೆ. ಅದೇ ತೀರ್ಪಾದ್ಮೇಲೆ ದುಡ್ಡು ಎಲ್ಲಿಂದ ತರ್ತೀರಿ ಅಂತ ಪ್ರಣಾಳಿಕೆಯಲ್ಲಿ ತೋರಿಸ್ಬೇಕು ಅಂತ ಚುನಾವಣಾ ಆಯೋಗದವ್ರೂ ನೀತಿ ಸಂಹಿತೆಗೆ ಸೇರಿಸಿದಾರೆ, ಅದನ್ನೂ ಒಂದ್ ಕಾಲಂ ಮಾಡ್ಬಹುದು. ಪಾರ್ಟಿ ಹಣೆಪಟ್ಟಿ ಭಯ ಇದ್ರೆ ಎಲ್ಲಾ ಪಾರ್ಟಿದೂ ಹಾಕಿ. 2018ರಲ್ಲಿ ಕುಮಾರಸ್ವಾಮಿ 24 ಗಂಟೆಯಲ್ಲಿ ಸಾಲಮನ್ನಾ ಅಂದಿದ್ರು, ಜೆಡಿಎಸ್‌ಗೆ ಬಂದಿದ್ದು 37 ಸೀಟು, ಸಮ್ಮಿಶ್ರ ಸರ್ಕಾರ, ಜುಲೈ ಬಜೆಟ್‌ನಲ್ಲಿ 34,000 ಕೋಟಿ, ತಲಾ 2 ಲಕ್ಷದ ಮಿತಿ. ಅದನ್ನ ಸುಳ್ಳು ಅಂತಾನೂ ಬರೆಯೋಕಾಗಲ್ಲ, ಪೂರ್ತಿ ಆಯ್ತು ಅಂತಾನೂ ಬರೆಯೋಕಾಗಲ್ಲ, ಸೀಟಿನ ಲೆಕ್ಕನೂ ಪಕ್ಕದಲ್ಲಿ ಇರ್ಬೇಕು.

ಭದ್ರಾ ಮೇಲ್ದಂಡೆನ ಒಂದೇ ಸಾಲಲ್ಲಿ ಬರೀಬೇಡ ಜಗಳೂರು ಬ್ರದರ್, ಒಡೆದು ಬರಿ. 2023ರ ಫೆಬ್ರವರಿ 1ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಅಂದ್ರಲ್ಲ, ಅದು ಕೇಂದ್ರದ ಸಾಲು. ಭೂಸ್ವಾಧೀನ, ಕಾಲುವೆ ಕೆಲ್ಸ, ರಾಜ್ಯದ ದುಡ್ಡು, ಇವು ರಾಜ್ಯ ಸರ್ಕಾರದ್ದು. ಎಂಎಲ್ಎ ಸಾಲಲ್ಲಿ ಅವ್ರು ಸದನದಲ್ಲಿ ಈ ಬಗ್ಗೆ ಏನ್ ಕೇಳಿದ್ರು ಅಂತ ಮಾತ್ರ ಬರಿ. ಮೂರೂ ಕಲಸಿದ್ರೆ ಅವ್ರಿಗೂ ಅದೇ ಬೇಕಿರೋದು, ಇವ್ರು ಅವ್ರ ಕಡೆ ಬೆರಳು ತೋರಿಸ್ಕೊಂಡು ಅವ್ರು ಇವ್ರ ಕಡೆ ತೋರಿಸ್ಕೊಂಡು ಐದ್ ವರ್ಷ ಆರಾಮಾಗಿ ಕಳೆದ್ಬಿಡ್ತಾರೆ.

ಜಗಳೂರು_ಹುಡುಗ:
ಥ್ಯಾಂಕ್ಸ್ ಎಲ್ರಿಗೂ, ಕಂಡಿಕೆ ನಂಬರ್ ವಿಷ್ಯ ಗೊತ್ತೇ ಇರ್ಲಿಲ್ಲ. ಇವತ್ತೇ ಶೀಟ್ ಬದಲಾಯಿಸ್ತೀವಿ: ಆಡಿದ ಮಾತು, ತಾರೀಖು, ಯಾರ ವ್ಯಾಪ್ತಿ, ಆದೇಶ, ದುಡ್ಡು, ಸ್ಥಳದಲ್ಲಿ ಕಂಡಿದ್ದು. ಮೊದ್ಲು ನಮ್ ತಾಲ್ಲೂಕಿನ 57 ಕೆರೆ ತುಂಬಿಸೋ ಯೋಜನೆ ತಗೋತೀವಿ, ಕೆರೆ ಎಣಿಸ್ಬಹುದಲ್ಲ. ಆದ್ರೂ ಒಂದ್ ಡೌಟು: ಪೈಪಲ್ಲಿ ನೀರು ಬಂದು ಕೆರೆ ಅಂಗಳ ಒದ್ದೆ ಆದ್ರೆ ತುಂಬಿಸಿದಂಗಾ, ಇಲ್ಲ ಕೋಡಿ ಬೀಳ್ಬೇಕಾ?

ಪಿಜೆ_ಬಡಾವಣೆ:
ಯೋಜನಾ ವರದಿಯಲ್ಲಿ ಪ್ರತಿ ಕೆರೆಗೂ ಎಷ್ಟು ನೀರು ಅಂತ ಇರ್ಬೇಕು, ಆರ್‌ಟಿಐಯಲ್ಲಿ ಆ ಒಂದು ಪಟ್ಟಿ ಮಾತ್ರ ಕೇಳಿ. ಫೋಟೋನ ಬೇಸಿಗೆಯಲ್ಲಿ ತೆಗೀರಿ, ಮಳೆಗಾಲದಲ್ಲಿ ತೆಗೆದ್ರೆ ಮಳೆ ನೀರನ್ನೂ ಅವ್ರೇ ತುಂಬಿಸಿದ್ದು ಅಂತಾರೆ.