ಮಾರ್ಚಲ್ಲಿ ಹಾಕಿದ ಡಾಂಬರು ಜುಲೈಗೆ ಯಾಕೆ ಎದ್ದು ಹೋಗ್ತದೆ? ರಿಟೈರ್ಡ್ ಇಂಜಿನಿಯರ್ ಹತ್ರ ಪ್ರಶ್ನೋತ್ತರ

ಪ್ರಶ್ನೆ (ನಮ್ಮ ಗ್ರೂಪಿನ ಕರಾವಳಿ ಕಡೆಯ ಸದಸ್ಯೆ): ಸರ್ ನಮಸ್ಕಾರ, ನೀವು ಘಟ್ಟದ ಮೇಲೆ, ಕೆಳಗೆ ಎರಡೂ ಕಡೆ ಪುರಸಭೆಗಳಲ್ಲಿ ಇಂಜಿನಿಯರ್ ಆಗಿ ಕೆಲಸ ಮಾಡಿದವ್ರು ಅಂತ ಗೊತ್ತಾಯ್ತು, ಅದಕ್ಕೇ ಕೇಳ್ತಿದ್ದೇನೆ. ನಮ್ಮ ಕೇರಿ ರಸ್ತೆಗೆ ಮಾರ್ಚ್ ಕೊನೆಗೆ ಡಾಂಬರು ಹಾಕಿದ್ರು, ಜುಲೈ ಅರ್ಧ ಆಗೋದ್ರೊಳಗೆ ಖಡಿ ಎಲ್ಲಾ ಮೇಲೆ ಬಂದು ಹೊಂಡ ಬಿದ್ದಿದೆ, ಮೊನ್ನೆ ಅತ್ತೆಯವ್ರು ಸ್ಕೂಟಿ ಹಿಂದೆ ಕೂತು ಬರ್ವಾಗ ಬಿದ್ದು ಕೈ ಮುರ್ಕೊಂಡ್ರು. ಆಫೀಸಿಗೆ ಹೋಗಿ ಕೇಳಿದ್ರೆ ಫಂಡ್ ಇಲ್ಲ ಅಂತಾರೆ. ನಾವು ಪ್ರತಿ ವರ್ಷ ಏಪ್ರಿಲಲ್ಲೇ ಮನೆ ತೆರಿಗೆ ಕಟ್ತೇವೆ. ಆ ದುಡ್ಡು ಎಲ್ಲಿಗೆ ಹೋಗ್ತದೆ? ಊರ ಹೆಸರು ಹೇಳೋದಿಲ್ಲ, ಜಗಳ ಬೇಡ, ರಸ್ತೆ ಆದ್ರೆ ಸಾಕು.

ಉತ್ತರ: ಅಕ್ಕೋರೆ, ಅತ್ತೆಯವ್ರು ಬೇಗ ಗುಣ ಆಗ್ಲಿ. ಒಂದು ಮಾತು ಮೊದ್ಲೇ ಕೇಳ್ತೇನೆ, ನಿಮ್ಮ ರಸ್ತೆ ಪಕ್ಕ ಗಟಾರ ಇದ್ಯಾ? ಇದ್ರೆ ಅದ್ರಲ್ಲಿ ನೀರು ಹರೀತದಾ, ಇಲ್ಲ ರಸ್ತೆ ಮೇಲೇ ಹರೀತದಾ?

ಯಾಕೆ ಕೇಳ್ದೆ ಅಂದ್ರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ರಸ್ತೆ ಹಾಳಾಗೋದು ಗಾಡಿಯಿಂದಕ್ಕಿಂತ ಜಾಸ್ತಿ ನೀರಿಂದ. ಕರಾವಳಿಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ, ಅದ್ರಲ್ಲಿ ಬಹುಪಾಲು ಜೂನಿಂದ ಸೆಪ್ಟೆಂಬರ್ ಒಳಗೇ ಸುರೀತದೆ. ಡಾಂಬರು ಅಂದ್ರೆ ಖಡಿಗೆ ಅಂಟು ಅಷ್ಟೇ, ರಸ್ತೆ ಮೇಲೆ ನೀರು ನಿಂತ್ರೆ ಅದು ಖಡಿಗೂ ಅಂಟಿಗೂ ನಡುವೆ ನುಗ್ತದೆ, ಗಾಡಿ ಚಕ್ರ ಮೇಲಿಂದ ಒತ್ತಿದಾಗ ಆ ನೀರೇ ಅಂಟು ಬಿಡಿಸ್ತದೆ, ಒಂದು ಖಡಿ ಎದ್ರೆ ಪಕ್ಕದ್ದೂ ಏಳ್ತದೆ, ಹದಿನೈದು ದಿನಕ್ಕೆ ಹೊಂಡ. ಅದಕ್ಕೇ ರಸ್ತೆ ನಡುವೆ ಉಬ್ಬು ಇರ್ಬೇಕು, ಮೀಟರಿಗೆ ಎರಡೂವರೆ ಸೆಂಟಿಮೀಟರಿನಷ್ಟು ಇಳಿಜಾರು. ನಾಲ್ಕು ಮೀಟರ್ ಅಗಲದ ಕೇರಿ ರಸ್ತೆ ಆದ್ರೆ ನಡುಭಾಗ ಅಂಚಿಗಿಂತ ಐದು ಸೆಂಟಿಮೀಟರ್ ಎತ್ತರ. ಒಂದು ದಾರ ಎಳೆದು ಹಿಡಿದು ನೀವೇ ನೋಡ್ಬಹುದು. ಆ ಉಬ್ಬಿಲ್ಲದೆ, ಗಟಾರ ಇಲ್ಲದೆ ಎಷ್ಟು ಒಳ್ಳೆ ಡಾಂಬರು ಹಾಕಿದ್ರೂ ದುಡ್ಡು ಗಟಾರಕ್ಕೆ ಹಾಕಿದ ಹಾಗೇ.

ಇನ್ನು ನಿಮ್ಮ ತೆರಿಗೆ ದುಡ್ಡು. ರಸೀದಿ ಸರಿಯಾಗಿ ನೋಡಿ, ಅದ್ರಲ್ಲಿ ಗ್ರಂಥಾಲಯ ಸೆಸ್, ಭಿಕ್ಷುಕರ ಸೆಸ್ ಅಂತೆಲ್ಲ ಇರ್ತದೆ, ಅದನ್ನ ಪುರಸಭೆ ವಸೂಲಿ ಮಾಡಿ ಬೇರೆ ಇಲಾಖೆಗೆ ಕೊಡ್ಬೇಕು, ಇಟ್ಕೊಳ್ಳೋ ಹಾಗಿಲ್ಲ. ಉಳಿದದ್ದು, ಜೊತೆಗೆ ನೀರಿನ ಬಿಲ್ಲು, ಮಳಿಗೆ ಬಾಡಿಗೆ, ಲೈಸೆನ್ಸ್ ಫೀ ಇದೆಲ್ಲ ಸೇರಿ ಸ್ವಂತ ನಿಧಿ. ಸಣ್ಣ ಊರಲ್ಲಿ ಇದು ಕಸದ ಗಾಡಿ ಡೀಸೆಲ್, ಪಂಪ್ ರಿಪೇರಿ, ಹೊರಗುತ್ತಿಗೆಯವ್ರ ಸಂಬಳ, ಇಷ್ಟರಲ್ಲೇ ಮುಗೀತದೆ. ಅದ್ರಲ್ಲೂ 24.10 ಶೇಕಡಾ ಪರಿಶಿಷ್ಟರಿಗೆ, 7.25 ಶೇಕಡಾ ಇತರ ಬಡವರಿಗೆ, 5 ಶೇಕಡಾ ಅಂಗವಿಕಲರಿಗೆ ಮೀಸಲಿಡ್ಬೇಕು, ಇಡ್ಲೇಬೇಕು, ಅದು ಸರಿಯಾದ ನಿಯಮವೇ.

ಹಾಗಾಗಿ ರಸ್ತೆಗೆ ದುಡ್ಡು ಬರೋದು ಹೆಚ್ಚಾಗಿ ಅನುದಾನದಿಂದ. ರಾಜ್ಯ ಹಣಕಾಸು ಆಯೋಗದ್ದು, ನಗರೋತ್ಥಾನ ಅನ್ನೋ ರಾಜ್ಯ ಸರ್ಕಾರದ ಯೋಜನೆ, ಶಾಸಕರ ನಿಧಿ, ಮತ್ತೆ ಕೇಂದ್ರದ ಹಣಕಾಸು ಆಯೋಗದ್ದು. 2021ರಿಂದ 2026ರ ತನಕದ 15ನೇ ಹಣಕಾಸು ಆಯೋಗ ನಮ್ಮಂಥ ಊರುಗಳಿಗೆ ಕೊಟ್ಟ ದುಡ್ಡಲ್ಲಿ 60 ಶೇಕಡಾ ನೀರು ಮತ್ತೆ ಸ್ವಚ್ಛತೆ, ಕಸಕ್ಕೇ ಕಟ್ಟಿಹಾಕಿತ್ತು, ಅದನ್ನ ಡಾಂಬರಿಗೆ ಮುಟ್ಟೋ ಹಾಗಿಲ್ಲ. ಆಫೀಸಲ್ಲಿ ಫಂಡ್ ಇಲ್ಲ ಅಂದಾಗ ಖಾತೆಯಲ್ಲಿ ದುಡ್ಡು ಇದ್ದೂ ರಸ್ತೆಗೆ ಬರೋ ತಲೆಬರಹದಲ್ಲಿ, ಅಂದ್ರೆ ರಸ್ತೆ ಕೆಲಸಕ್ಕೆ ಅಂತ ಬೇರೆ ತೆಗೆದಿಟ್ಟ ಲೆಕ್ಕದಲ್ಲಿ, ಇಲ್ಲ ಅಂತ ಇರ್ಬಹುದು. ಅದಕ್ಕೆ "ಯಾವ ತಲೆಬರಹದಲ್ಲಿ ಎಷ್ಟು ಬಾಕಿ ಇದೆ" ಅಂತ ಕೇಳ್ಬೇಕು.

ಪ್ರಶ್ನೆ (ಅದೇ ಸದಸ್ಯೆ): ಗಟಾರ ಇದೆ ಸರ್, ಆದ್ರೆ ಅರ್ಧ ಜನ ಗೇಟ್ ಎದುರು ಕಾಂಕ್ರೀಟ್ ಹಾಕಿ ಮುಚ್ಚಿದ್ದಾರೆ. ಮತ್ತೆ ಡಾಂಬರು ಹಾಕಿ ಒಂದು ತಿಂಗ್ಳಿಗೆ ನೀರಿನ ಪೈಪಿಗೆ ಅಂತ ಅಡ್ಡ ಅಗೆದು ಮಣ್ಣು ತುಂಬಿ ಹೋದ್ರು. ಈಗ ಕಂಟ್ರಾಕ್ಟರ್ ಹತ್ರ ಮಾಡಿಸ್ಬಹುದಾ?

ಉತ್ತರ: ಮಾಡಿಸ್ಬಹುದು. ಗುತ್ತಿಗೆ ಕರಾರಲ್ಲಿ ದೋಷ ಹೊಣೆಗಾರಿಕೆ ಅವಧಿ ಅಂತ ಬರೆದಿರ್ತದೆ, ಆ ಅವಧಿಯೊಳಗೆ ಹಾಳಾದ್ರೆ ಅವ್ರ ಖರ್ಚಲ್ಲೇ ಸರಿ ಮಾಡ್ಬೇಕು, ಅದಕ್ಕೇ ಬಿಲ್ಲಲ್ಲಿ ಸ್ವಲ್ಪ ಹಣ ಹಿಡಿದಿಟ್ಟಿರ್ತಾರೆ. ಆದ್ರೆ ಯಾರೂ ಬರವಣಿಗೆಯಲ್ಲಿ ಕೇಳೋದಿಲ್ಲ, ಅವಧಿ ಮುಗೀತದೆ, ಠೇವಣಿ ವಾಪಸ್ ಹೋಗ್ತದೆ. ನನ್ನ ಸರ್ವಿಸಲ್ಲಿ ನನಗೆ ಅತಿ ಬೇಜಾರಾಗ್ತಿದ್ದ ವಿಷಯ ಇದು.

ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, 30 ದಿನದಲ್ಲಿ ಉತ್ತರ ಕೊಡ್ಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದೊಳಗೆ, ಕಥೆ ಬರೀಬೇಡಿ. ಆ ರಸ್ತೆಯ ಅಂದಾಜು ಪಟ್ಟಿ, ಕಾರ್ಯಾದೇಶ, ಕರಾರು, ಅಳತೆ ಪುಸ್ತಕದ ಪ್ರತಿ ಕೇಳಿ. ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ದಪ್ಪ ಎಲ್ಲ ಇರ್ತದೆ. ಪೈಪಿಗೆ ಅಗೆದ ಜಾಗ ಮಾತ್ರ ಬೇರೆ, ಅದು ಡಾಂಬರಿನವ್ರ ತಪ್ಪಲ್ಲ. ರಸ್ತೆ ಕಡಿಯೋಕೆ ಅನುಮತಿ ಕೊಡುವಾಗ ದುರಸ್ತಿ ಹಣ ಕಟ್ಟಿಸ್ಕೊಂಡಿದ್ರಾ ಅಂತ ಇನ್ನೊಂದು ಅರ್ಜಿಲಿ ಕೇಳಿ. ಗೇಟ್ ಎದುರಿನ ಕಾಂಕ್ರೀಟ್ ಬಗ್ಗೆ ಮೊದ್ಲು ಕೇರಿಯವ್ರೇ ಕೂತು ಮಾತಾಡಿ, ಎತ್ತಿ ತೆಗೆಯೋ ಹಾಸುಗಲ್ಲು ಹಾಕಿದ್ರೆ ಗಾಡಿಯೂ ಒಳಗೆ ಹೋಗ್ತದೆ, ಹೂಳೂ ತೆಗೀಬಹುದು.

ಪ್ರಶ್ನೆ (ಶಿರಸಿಯಿಂದ ಇನ್ನೊಬ್ಬರು): ಸರ್, ಊರೊಳಗಿನ ದೊಡ್ಡ ರಸ್ತೆ ಹೊಂಡಕ್ಕೂ ಎಲ್ರೂ ನಗರಸಭೆ ಸದಸ್ಯರನ್ನೇ ಬೈತಾರಲ್ಲ, ಅದು ಅವ್ರದ್ದೇನಾ?

ಉತ್ತರ: ಎಲ್ಲ ಅಲ್ಲ. ಕುಮಟಾ ಶಿರಸಿ ಹಾವೇರಿ ರಸ್ತೆ ರಾಷ್ಟ್ರೀಯ ಹೆದ್ದಾರಿ 766ಇ, ಕಾರವಾರ ಅಂಕೋಲಾ ಭಟ್ಕಳ 66, ಅವು ಹೆದ್ದಾರಿಯವ್ರ ಜವಾಬ್ದಾರಿ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿಯವ್ರದ್ದು. ಕೇರಿ ರಸ್ತೆ, ವಾರ್ಡ್ ರಸ್ತೆ ನಗರಸಭೆಯದ್ದು. ತಪ್ಪು ಬಾಗಿಲು ತಟ್ಟಿ ಒಂದು ಮಳೆಗಾಲ ಕಳ್ಕೊಂಡವ್ರನ್ನ ತುಂಬಾ ನೋಡಿದ್ದೇನೆ.

ಪ್ರಶ್ನೆ (ಮೊದಲ ಸದಸ್ಯೆ): ಹಾಗಾದ್ರೆ ಈಗ ಏನು ಮಾಡ್ಲಿ? ಮಾರ್ಚಲ್ಲಿ ಮತ್ತೆ ಹೋಗಿ ಕೇಳ್ಲಾ?

ಉತ್ತರ: ಮಾರ್ಚಿಗೆ ಹೋದ್ರೆ ಬಸ್ಸು ಹೋಗಿರ್ತದೆ. ಬಜೆಟ್ ಏಪ್ರಿಲ್ 1ಕ್ಕೆ ಶುರು, ಅದಕ್ಕಿಂತ ಮುಂಚೆ ಸಾರ್ವಜನಿಕರ ಸಲಹೆಗೆ ಬಜೆಟ್ ಪೂರ್ವಭಾವಿ ಸಭೆ ಕರೀತಾರೆ, ನೋಟಿಸ್ ಬೋರ್ಡ್ ಮೇಲೆ ಕಣ್ಣಿಡಿ. ನಾನು ಕೂತ ಸಭೆಗಳಲ್ಲಿ ಕುರ್ಚಿ ಖಾಲಿ ಇರ್ತಿತ್ತು, ಬಂದ ನಾಲ್ಕು ಜನ ಬರೆದು ಕೊಟ್ಟದ್ದು ಪಟ್ಟಿಗೆ ಸೇರ್ತಿತ್ತು. ಅಲ್ಲಿ ಬಿಟ್ರೆ ಮತ್ತೆ ಕ್ರಿಯಾ ಯೋಜನೆ, ಜಿಲ್ಲೆಯ ಮಂಜೂರಾತಿ, ಟೆಂಡರ್ ಅಂತ ತಿಂಗಳುಗಟ್ಲೆ ಹೋಗಿ ಮೇ ಕೊನೆಗೆ ಕೆಲಸ ಶುರು ಆಗ್ತದೆ, ಮೋಡ ಕವಿದಾಗ ಡಾಂಬರು ಹಾಕಿದ್ರೆ ನಿಲ್ಲೋದಿಲ್ಲ. ಒಳ್ಳೆ ಸಮಯ ನವೆಂಬರಿಂದ.

ಈಗ ಮಳೆ ಇರೋವಾಗ್ಲೇ ಒಂದು ಕೆಲಸ ಮಾಡಿ. ಜೋರು ಮಳೆ ಬಂದಾಗ ಛತ್ರಿ ಹಿಡ್ಕೊಂಡು ರಸ್ತೆಗಿಳಿದು ನೀರು ಎಲ್ಲಿಂದ ಬರ್ತದೆ, ಎಲ್ಲಿ ನಿಲ್ತದೆ, ಯಾವ ಮೋರಿ (ರಸ್ತೆ ಅಡಿಯಿಂದ ನೀರು ದಾಟೋ ದಾರಿ) ಕಟ್ಟಿಕೊಂಡಿದೆ ಅಂತ ಮೊಬೈಲಲ್ಲಿ ವಿಡಿಯೋ ತೆಗೀರಿ, ತಾರೀಕು ಬರೆದಿಡಿ. ಬೇಸಿಗೆಯಲ್ಲಿ ಬರೋ ಇಂಜಿನಿಯರಿಗೆ ಒಣ ರಸ್ತೆ ಮಾತ್ರ ಕಾಣ್ತದೆ. ಅರ್ಜಿಯಲ್ಲಿ "ಮೊದಲು ಗಟಾರ ಮತ್ತು ಮೋರಿ, ನಂತರ ಡಾಂಬರು" ಅಂತಾನೇ ಬರೀರಿ, ಕೇರಿಯವ್ರ ಸಹಿ ಹಾಕಿಸಿ, ಒಂದು ಪ್ರತಿ ಮೇಲೆ ಸ್ವೀಕೃತಿ ಸೀಲು ಹಾಕಿಸ್ಕೊಳ್ಳಿ. ಕರಡು ಬರೆದು ಇಲ್ಲೇ ಹಾಕಿ, ನಾನು ತಿದ್ದಿ ಕೊಡ್ತೇನೆ.

ಮೊದಲ ಸದಸ್ಯೆ: ಇವತ್ತು ಮಧ್ಯಾಹ್ನದ ಮಳೆಲೇ ವಿಡಿಯೋ ತೆಗೆದೆ ಸರ್. ನೀರು ಬರ್ತಿರೋದು ನಮ್ಮ ಮನೆ ತಿರುವಿನ ಮೋರಿ ಕಟ್ಟಿ ಹಿಂದಕ್ಕೆ ಉಕ್ಕಿ, ಇಷ್ಟು ವರ್ಷ ಯಾರೂ ನೋಡ್ಲೇ ಇಲ್ಲ. ರಾತ್ರಿ ಕರಡು ಹಾಕ್ತೇನೆ.