ಸಹಾಯ ಬೇಕು: ಇದು ವೆಡೇಲಿಯಾನೇ ಅಲ್ವಾ?

ಎಲ್ಲರಿಗೂ ನಮಸ್ಕಾರ. ಕಾಲುವೆ ದಂಡೆಯಲ್ಲಿ ಹಬ್ಬಿರುವ ಈ ಗಿಡ ಯಾವುದು ಅಂತ ಗೊತ್ತಾಗಬೇಕಿತ್ತು. ಯಾರೂ ನೆಟ್ಟಿದ್ದಲ್ಲ, ಹತ್ತಿರದಲ್ಲಿ ತೋಟವೂ ಇಲ್ಲ. ಪುಟ್ಟ ಸೂರ್ಯಕಾಂತಿಯಂಥ ಹಳದಿ ಹೂ. ನೆಲಕ್ಕೆ ತಾಗಿದ ಗೆಣ್ಣಿನಲ್ಲೆಲ್ಲ ಬೇರು ಬಿಟ್ಟಿದೆ.

ನನ್ನ ಅನುಮಾನ ವೆಡೇಲಿಯಾ, ಅಂದರೆ ಸ್ಫ್ಯಾಗ್ನೆಟಿಕೋಲಾ ಟ್ರೈಲೋಬೇಟಾ. ಮೂಲ ಮಧ್ಯ ಅಮೆರಿಕ, ಕೆರಿಬಿಯನ್ ಕಡೆ. ಚಂದಕ್ಕೆ ಅಂತ ತಂದು ನೆಟ್ಟ ಗಿಡ, ಈಗ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ!

ತೊಡಕು ಏನೆಂದರೆ, ಏಷ್ಯಾ ಮೂಲದ ಸ್ಫ್ಯಾಗ್ನೆಟಿಕೋಲಾ ಕ್ಯಾಲೆಂಡುಲೇಸಿಯಾ ಕೂಡ ನೋಡಲು ಹೀಗೇ. ಅದರ ಎಲೆ ಸಪೂರ. ಟ್ರೈಲೋಬೇಟಾದ ಎಲೆ ಅಗಲ, ಸಾಮಾನ್ಯವಾಗಿ ಮೂರು ಸೀಳು. ನನಗೆ ಸಿಕ್ಕಿದ್ದರಲ್ಲಿ ಕೆಲವು ಎಲೆಗೆ ಸೀಳು ಇದೆ, ಕೆಲವಕ್ಕೆ ಇಲ್ಲ. ಎರಡರ ಮಿಶ್ರತಳಿ ದಕ್ಷಿಣ ಚೀನಾದಲ್ಲಿ ಸಿಕ್ಕಿದೆ ಅಂತ ಓದಿದ ಮೇಲಂತೂ ಗೊಂದಲ ಜಾಸ್ತಿಯಾಗಿದೆ.

ಎಲೆ ಬಿಟ್ಟು ಇನ್ನೇನು ನೋಡಬೇಕು? ಹೂವಿನ ಅಳತೆಯೋ, ಬೀಜವೋ? ಎಲೆಯ ಎರಡೂ ಬದಿ, ಹೂವಿನ ಹಿಂಭಾಗ, ಗೆಣ್ಣಿನ ಫೋಟೊ ಹಾಕಿದ್ದೇನೆ. ಹೆಸರು ಖಚಿತವಾಗುವ ತನಕ ಸುಮ್ನೆ ಕೀಳಲು ಹೋಗುವುದಿಲ್ಲ, ತುಂಡು ಬಿದ್ದಲ್ಲೆಲ್ಲ ಮತ್ತೆ ಚಿಗುರುವ ಜಾತಿಯಿದು.