ಇನ್ಸುಲಿನ್ ಪಂಪ್ ನನಗೆ ಹೊಂದುತ್ತಾ?

ಪ್ರಶ್ನೆ: ನನಗೆ ಟೈಪ್ 1 ಡಯಾಬಿಟಿಸ್. ದಿನಕ್ಕೆ 4 ಇಂಜೆಕ್ಷನ್. ರಾತ್ರಿ 2ರ ಹೊತ್ತಿಗೆ ಶುಗರ್ 60ಕ್ಕೆ ಇಳಿಯುತ್ತದೆ, ಬೆಳಗ್ಗೆ ಏಳುವಷ್ಟರಲ್ಲಿ 220. ರಾತ್ರಿ ಡೋಸ್ ಕಡಿಮೆ ಮಾಡಿದರೆ ಬೆಳಗ್ಗೆ ಇನ್ನೂ ಏರುತ್ತದೆ. ಚುಚ್ಚಿಕೊಂಡು ಸಾಕಾಗಿದೆ. ಪಂಪ್ ಹಾಕಿಸಿಕೊಂಡರೆ ತಲೆನೋವು ತಪ್ಪುತ್ತದೆ ಅಲ್ವಾ?

ಉತ್ತರ (ಡಯಾಬಿಟಿಸ್ ಎಜುಕೇಟರ್): ನೀವು ಕೊಟ್ಟ ಕಾರಣಗಳಲ್ಲಿ ಒಂದು ಗಟ್ಟಿ, ಇನ್ನೊಂದು ಅಷ್ಟಕ್ಕಷ್ಟೆ.

ಗಟ್ಟಿ ಕಾರಣ ಯಾವುದು ಅಂದರೆ ರಾತ್ರಿ ಇಳಿದು ಬೆಳಗ್ಗೆ ಏರುವುದು. ಬೆಳಗಿನ ಜಾವ ದೇಹದಲ್ಲಿ ಕೆಲವು ಹಾರ್ಮೋನ್ ಜಾಸ್ತಿಯಾಗಿ ಶುಗರ್ ಏರುತ್ತದೆ. ಒಮ್ಮೆ ಚುಚ್ಚಿಕೊಂಡ ಲಾಂಗ್ ಆಕ್ಟಿಂಗ್ (ದಿನವಿಡೀ ನಿಧಾನವಾಗಿ ಕೆಲಸ ಮಾಡುವ) ಇನ್ಸುಲಿನ್ನನ್ನು ಗಂಟೆಗೊಂದು ರೀತಿ ಬದಲಿಸಲು ಆಗುವುದಿಲ್ಲ. ಮೈಗೆ ಹಾಕಿಕೊಂಡು ದಿನವಿಡೀ ಸ್ವಲ್ಪ ಸ್ವಲ್ಪವೇ ಇನ್ಸುಲಿನ್ ಬಿಡುವ ಪಂಪ್‌ನಲ್ಲಿ ಆಗುತ್ತದೆ: 1ರಿಂದ 3ರವರೆಗೆ ಕಡಿಮೆ, 4ರ ನಂತರ ಜಾಸ್ತಿ, ಹೀಗೆ. ಆದರೆ ಮೊದಲು ಒಂದು ವಿಷಯ ನೋಡಿ. 60 ಕಂಡ ಗಾಬರಿಗೆ ಸಿಹಿ ಜಾಸ್ತಿ ತಿನ್ನುತ್ತೀರಾ? ಹಾಗಿದ್ದರೆ 220ಕ್ಕೆ ಅದೂ ಕಾರಣ ಇರಬಹುದು. ಕೆಲವು ದಿನ ಸಿಜಿಎಂ ಸೆನ್ಸರ್ (ಚರ್ಮಕ್ಕೆ ಅಂಟಿಸಿ ಹಗಲು ರಾತ್ರಿ ಶುಗರ್ ತೋರಿಸುವ ಸಾಧನ) ಹಾಕಿ ನೋಡಿದರೆ ಗೊತ್ತಾಗುತ್ತದೆ.

ಇನ್ನು ಚುಚ್ಚುವ ಬೇಸರ. ಚುಚ್ಚುವುದು ಕಡಿಮೆಯಾಗುತ್ತದೆ, ಕೆಲಸ ಕಡಿಮೆಯಾಗುವುದಿಲ್ಲ. 2–3 ದಿನಕ್ಕೊಮ್ಮೆ ಸೆಟ್ (ಇನ್ಸುಲಿನ್ ಒಯ್ಯುವ ಟ್ಯೂಬ್, ಚರ್ಮದ ಕೆಳಗಿನ ಸಣ್ಣ ಕೊಳವೆ) ಮತ್ತು ಚುಚ್ಚುವ ಜಾಗ ಎರಡನ್ನೂ ಬದಲಿಸಬೇಕು. ಊಟದ ಕಾರ್ಬ್ (ಕಾರ್ಬೋಹೈಡ್ರೇಟ್) ಲೆಕ್ಕ ಹಾಕಿ ಬೋಲಸ್, ಅಂದರೆ ಆ ಊಟಕ್ಕೆ ಬೇಕಾದ ಇನ್ಸುಲಿನ್, ಒತ್ತಲೇಬೇಕು. ಸೆನ್ಸರ್ ನೋಡಿ ತಾನೇ ಡೋಸ್ ಬದಲಿಸುವ ಪಂಪ್‌ಗಳಲ್ಲೂ ಹೆಚ್ಚಿನವಕ್ಕೆ ಊಟದ ಸುದ್ದಿ ನೀವೇ ಹೇಳಬೇಕು.

ಮರುಪ್ರಶ್ನೆ: ಪಂಪ್ ಕೈಕೊಟ್ಟರೆ?

ಉತ್ತರ: ನನ್ನ ಪ್ರಕಾರ ಪಂಪ್ ಬೇಕಾ ಬೇಡವಾ ಅನ್ನುವುದನ್ನು ತೀರ್ಮಾನಿಸುವ ಪ್ರಶ್ನೆ ಇದೇ. ಪಂಪ್‌ನಲ್ಲಿ ಇರುವುದು ಬೇಗ ಕೆಲಸ ಮಾಡುವ ಇನ್ಸುಲಿನ್ ಮಾತ್ರ. ಲಾಂಗ್ ಆಕ್ಟಿಂಗ್ ಇಲ್ಲ, ಅಂದರೆ ಮೈಯಲ್ಲಿ ದಾಸ್ತಾನೇ ಇಲ್ಲ. ಚರ್ಮದ ಕೆಳಗಿನ ಮೆತ್ತನೆ ಕೊಳವೆ ಮಡಚಿಕೊಂಡಿತು ಅಂದುಕೊಳ್ಳಿ. ಸ್ಕ್ರೀನ್ ಮೇಲೆ ಎಲ್ಲ ಸರಿ ಅಂತಲೇ ಕಾಣಬಹುದು, ಅಲಾರಂ ತಡವಾಗಿ ಬರಬಹುದು. ಕೆಲವೇ ಗಂಟೆಗಳಲ್ಲಿ ಕೀಟೋನ್ (ಇನ್ಸುಲಿನ್ ಸಾಲದಾಗ ಕೊಬ್ಬು ಕರಗಿ ಬರುವ ಆಮ್ಲ) ಏರಿ ಡಿಕೆಎ, ಅಂದರೆ ರಕ್ತ ಆಮ್ಲೀಯವಾಗುವ ಪ್ರಾಣಾಪಾಯದ ಸ್ಥಿತಿವರೆಗೂ ಹೋಗಬಹುದು. ಕಾರಣವಿಲ್ಲದೆ 250 ದಾಟಿತಾ? ಕೀಟೋನ್ ನೋಡಿ. ಕೀಟೋನ್ ಇದ್ದರೆ ಪಂಪ್ ನಂಬಬೇಡಿ. ಡಾಕ್ಟರ್ ಬರೆದುಕೊಟ್ಟ ಡೋಸನ್ನು ಇನ್ಸುಲಿನ್ ಪೆನ್ನಿನಲ್ಲಿ (ಪೆನ್ ಆಕಾರದ ಇಂಜೆಕ್ಷನ್) ತಗೊಳ್ಳಿ, ಸೆಟ್ ಹೊಸದು ಹಾಕಿ. ವಾಂತಿ ಶುರುವಾದರೆ ಆಸ್ಪತ್ರೆಗೆ ಹೋಗಿ. ಪೆನ್, ಕೀಟೋನ್ ಸ್ಟ್ರಿಪ್ ಸದಾ ಜೊತೆಗಿರಲಿ.

ದಿನಕ್ಕೆ ಹಲವು ಸಲ ಶುಗರ್ ನೋಡುವ ಅಭ್ಯಾಸ ಈಗಲೇ ಇದ್ದರೆ ನಿಮಗೆ ಪಂಪ್ ಹೊಂದುತ್ತದೆ. ಇಲ್ಲದಿದ್ದರೆ ಮೊದಲು ಎರಡು ವಾರ ಕಾರ್ಬ್ ಬರೆದಿಡಿ, ಪ್ರತಿ ಊಟಕ್ಕೂ. ಅದೇ ಕಿರಿಕಿರಿ ಅನ್ನಿಸಿದರೆ ಪೆನ್ ಜೊತೆ ಸೆನ್ಸರ್ ಸಾಕು. ಅದೇನೂ ಕೀಳು ಆಯ್ಕೆ ಅಲ್ಲ.

ಇನ್ನೊಬ್ಬರ ಪ್ರಶ್ನೆ: ಅಪ್ಪನಿಗೆ ಟೈಪ್ 2. ಮಾತ್ರೆ, ಜೊತೆಗೆ ರಾತ್ರಿ ಒಂದು ಇಂಜೆಕ್ಷನ್. ಈಚೆಗೆ ಮರೆವು ಬೇರೆ. ಪಂಪ್ ಒಳ್ಳೆಯದಾ?

ಉತ್ತರ: ಒಂದೇ ಇಂಜೆಕ್ಷನ್‌ಗೆ ಸುಮ್ನೆ ಪಂಪ್ ಯಾಕೆ? ಟೈಪ್ 2ರಲ್ಲಿ ದಿನಕ್ಕೆ ಹಲವು ಸಲ ಇನ್ಸುಲಿನ್ ತಗೊಂಡೂ ಹಿಡಿತಕ್ಕೆ ಬರದವರಿಗೆ ಯೋಚಿಸಬಹುದು. ಮರೆವು ಇದ್ದರೆ ಬೋಲಸ್ ಒತ್ತುವುದು ಮರೆಯಬಹುದು, ಎರಡು ಸಲವೂ ಒತ್ತಿಬಿಡಬಹುದು. ಯಾರಾದರೂ ಸದಾ ಜೊತೆಗಿದ್ದು ನೋಡಿಕೊಳ್ಳದಿದ್ದರೆ ನಾನು ಬೇಡ ಅನ್ನುತ್ತೇನೆ.

ಮರುಪ್ರಶ್ನೆ (ಮೊದಲು ಕೇಳಿದವರು): ಸ್ನಾನಕ್ಕೆ, ಸ್ಕ್ಯಾನ್‌ಗೆ ಬಿಚ್ಚಬಹುದಾ?

ಉತ್ತರ: ಟ್ಯೂಬ್ ಇರುವ ಪಂಪ್ ಆದರೆ ಸ್ನಾನಕ್ಕೆ ಬಿಚ್ಚಿಡಬಹುದು, ಗಂಟೆಯೊಳಗೆ ಮತ್ತೆ ಜೋಡಿಸಿ. ಟ್ಯೂಬ್ ಇಲ್ಲದ ಪ್ಯಾಚ್ ಪಂಪ್ ಮೈಮೇಲೇ ಇರುತ್ತದೆ. ಎಂಆರ್‌ಐ ಕೋಣೆಗೆ ಮಾತ್ರ ಎರಡನ್ನೂ ಒಯ್ಯುವಂತಿಲ್ಲ, ಪ್ಯಾಚ್ ಆದರೆ ಕಿತ್ತು ಆಮೇಲೆ ಹೊಸದು ಹಾಕಬೇಕು.